ಜೋಗಪ್ಪನ ಹಿಡಿ

ಹತ್ತು ಇಂಚು ಅಗಲ, ಆರು ಇಂಚು ಎತ್ತರದ ಒಂದು ಫ್ಲೆಕ್ಸ್ ಬ್ಯಾನರನ್ನು ಎರಡು ವಿದ್ಯುತ್ ಕಂಬಗಳ ನಡುವೆ ಕಟ್ಟಲು ನಲವತ್ತು ಅಡಿ ಹಗ್ಗ ಬೇಕಾಗುತ್ತದೆ ಎಂಬ ಸಂಗತಿ, ತಳಕಿನ ಯುವಕ ಸಂಘದವರು ಅದನ್ನು ಕಟ್ಟಿ ತೋರಿಸುವವರೆಗೆ ಯಾರಿಗೂ ತಿಳಿದಿರಲಿಲ್ಲ. ತಮ್ಮ ನಾಯಕರ ಹುಟ್ಟುಹಬ್ಬಕ್ಕೆಂದು ಅವರು ಹೇಳಿಹೋಗಿದ್ದುದು ‘ಹತ್ತು, ಆರು’ ಎಂದು. ಅವರ ಮನಸ್ಸಿನಲ್ಲಿದ್ದುದು ಅಡಿ. ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಪಾಲಾಕ್ಷ ತಾನೇ ಬರೆದಿದ್ದ ಪ್ರೋಗ್ರಾಮಿನ ಮನಸ್ಸಿನಲ್ಲಿದ್ದುದು ಇಂಚು. ಆ ಪ್ರೋಗ್ರಾಮು ಮನುಷ್ಯರ ಕೈ ಸೋಕದಂತೆ ಆರ್ಡರನ್ನು ದೂರದ ಮುದ್ರಣಾಲಯಕ್ಕೆ ಕಳಿಸಿತು. ಮೂರನೆಯ ದಿನ ಬ್ಯಾನರು ಬಸ್ಸಿನಲ್ಲಿ ಬಂತು, ಒಂದು ಅಂಚೆ ಲಕೋಟೆಯೊಳಗೆ. ಪಾಲಾಕ್ಷ ಲಕೋಟೆಯನ್ನು ಒಡೆಯದೆ ಕೈಯಲ್ಲಿ ತೂಗಿ ನೋಡಿ, ಈಗಿನ ಕಾಲದ ಫ್ಲೆಕ್ಸು ಎಷ್ಟು ತೆಳ್ಳಗೆ ಮಡಚುತ್ತದೆಂದು ಮೆಚ್ಚಿಕೊಂಡು ಹಾಗೆಯೇ ದಾಟಿಸಿದ.

ಅದರಲ್ಲಿ ಇಪ್ಪತ್ತೆರಡು ಮುಖಗಳಿದ್ದವು. ನಾಯಕರದು ಹುಣಸೆ ಬೀಜದಷ್ಟಿತ್ತು, ಉಳಿದವರೆಲ್ಲ ಸಾಸಿವೆ. ಸಂಘದವರು ಜಗಳಕ್ಕೆ ಬರಲಿಲ್ಲ. ಅವರು ಅದಕ್ಕಿಂತ ಕ್ರೂರವಾದದ್ದನ್ನು ಮಾಡಿದರು: ಬ್ಯಾನರನ್ನು ಹೆದ್ದಾರಿಯ ಪಕ್ಕದಲ್ಲಿ ಕಟ್ಟಿ, ಅದಕ್ಕೊಂದು ಹಾರ ಹಾಕಿ, ಕೆಳಗೆ ‘ಮುದ್ರಣ: ಪಾಲಾಕ್ಷ, ಚಳ್ಳಕೆರೆ’ ಎಂದು ಒಂದು ರಟ್ಟಿನ ಮೇಲೆ ಮಾರುದ್ದದ ಅಕ್ಷರಗಳಲ್ಲಿ ಬರೆದು ತೂಗುಹಾಕಿದರು.

ಈ ಪಾಲಾಕ್ಷ ಯಾರೆಂಬುದನ್ನು ಹೇಳಬೇಕಾದರೆ ಅವನ ಅಂಗಡಿಯ ಫಲಕವನ್ನು ಓದಿದರೆ ಸಾಕು. ‘ಜೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್’ ಎಂಬ ನಾಲ್ಕು ಮಾತುಗಳು ನೀಲಿ ಬಣ್ಣದಲ್ಲಿದ್ದವು. ‘ಮತ್ತು ಸಾಫ್ಟ್‌ವೇರ್’ ಎಂಬುದು ಆಮೇಲೆ ಸೇರಿದ್ದರಿಂದ ಕೆಂಪು ಬಣ್ಣದಲ್ಲಿ, ಜಾಗ ಸಾಲದೆ ಕೊಂಚ ಕುಗ್ಗಿ ಕುಳಿತಿತ್ತು. ನಲವತ್ತೊಂದನೆಯ ವಯಸ್ಸಿನಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ, ಮೊಬೈಲಿನ ವಿಡಿಯೋಗಳನ್ನು ನೋಡಿ ಅವನು ಪ್ರೋಗ್ರಾಮಿಂಗ್ ಕಲಿತಿದ್ದ. ಅವನ ವಿದ್ಯೆಗೆ ಪ್ರಮಾಣಪತ್ರವಿರಲಿಲ್ಲ. ಇದ್ದಿದ್ದರೆ ಲ್ಯಾಮಿನೇಷನ್ ಮಾತ್ರ ಉಚಿತವಾಗಿ ಆಗುತ್ತಿತ್ತು.

ಬ್ಯಾನರಿನ ಅವಮಾನ ಅವನನ್ನು ಚಿಂತನೆಗೆ ಹಚ್ಚಿತು. ಪಕ್ಕದ ಅಂಗಡಿಯಲ್ಲಿ ತಕ್ಕಡಿ, ಮಿಕ್ಸಿ ರಿಪೇರಿ ಮಾಡುವ ಜುಲ್ಫಿಕರ್‌ನಿಗೆ ಅವನು ಆ ಚಿಂತನೆಯ ಸಾರವನ್ನು ಹೀಗೆ ವಿವರಿಸಿದ. ಪ್ರೋಗ್ರಾಮಿನಲ್ಲಿ ಫಂಕ್ಷನ್ ಎಂಬುದು ನಮ್ಮೂರ ಎಣ್ಣೆ ಗಿರಣಿಯ ಹಾಗೆ. ಮೇಲಿನ ಬಾಯಿಗೆ ಶೇಂಗಾ ಹಾಕಿದರೆ ಕೆಳಗೆ ಎಣ್ಣೆ ಬರುತ್ತದೆ. ಗಿರಣಿಯ ಬಾಯಿಯ ಮೇಲೆ ‘ಇಲ್ಲಿ ಶೇಂಗಾ ಮಾತ್ರ’ ಎಂದು ಫಲಕ ಹಾಕಿರಬೇಕು. ಇಲ್ಲದಿದ್ದರೆ ಯಾರೋ ಜಲ್ಲಿಕಲ್ಲು ಸುರಿದುಹೋಗುತ್ತಾರೆ. ತನ್ನ ಫಂಕ್ಷನ್ನಿನ ಫಲಕದಲ್ಲಿ ‘ಅಗಲ: ಸಂಖ್ಯೆ’ ಎಂದಷ್ಟೇ ಇತ್ತು. ಇನ್ನು ಮೇಲೆ ‘ಅಗಲ: ಅಡಿ’ ಎಂದಿರುತ್ತದೆ. ಅಡಿ ಕೇಳಿದಲ್ಲಿ ಇಂಚು ಬಂದರೆ ಪ್ರೋಗ್ರಾಮು ಓಡುವ ಮೊದಲೇ ಕೆಂಪು ಗೆರೆ ಎಳೆದು ಮುಷ್ಕರ ಹೂಡುತ್ತದೆ. ಅಳತೆಯ ಹೆಸರನ್ನು ಉಟ್ಟುಕೊಳ್ಳದೆ ಬೆತ್ತಲೆಯಾಗಿ ಬಂದ ಯಾವ ಸಂಖ್ಯೆಯನ್ನೂ ತಾನು ಒಳಗೆ ಬಿಡುವುದಿಲ್ಲ.

ಜುಲ್ಫಿಕರ್ ಮಿಕ್ಸಿಯ ಬ್ಲೇಡಿನಿಂದ ತಲೆಯೆತ್ತದೆ, “ಒಳ್ಳೇದು ಪಾಲಾಕ್ಷಣ್ಣ. ಮೊನ್ನೆ ಎರಡು ಟೀ ಹೇಳಿದ್ದೆ, ಒಂದೇ ಬಂತು. ಅದಕ್ಕೂ ಗೆರೆ ಎಳಿ,” ಎಂದ.

ಪ್ರೋಗ್ರಾಮಿನೊಳಗೆ ಇದು ಸಾಧುವಾದ ನಿಯಮವೇ. ಆದರೆ ಪಾಲಾಕ್ಷ ಅದನ್ನು ಪ್ರೋಗ್ರಾಮಿನ ಹೊರಕ್ಕೂ ಕರೆತಂದ. ಬಸ್ಸಿನಲ್ಲಿ ಕಂಡಕ್ಟರು ‘ಎಷ್ಟು?’ ಎಂದರೆ, ‘ಟಿಕೆಟ್ಟೋ, ಕಿಲೋಮೀಟರೋ?’ ಎಂದು ಕೇಳಿದ; ಹಿರಿಯೂರು ರಸ್ತೆಯ ನಡುವೆಯೇ ಅವನನ್ನು ಇಳಿಸಿಹೋದರು. ಹೆಂಡತಿ ದಾಕ್ಷಾಯಿಣಿ ‘ಹತ್ತು ತಗಂಡು ಬರ್ರಿ’ ಎಂದು ಮೊಟ್ಟೆಗೆ ಕಳಿಸಿದರೆ, ‘ಹತ್ತು ಏನು?’ ಎಂದು ಹೊಸ್ತಿಲಲ್ಲೇ ನಿಂತ. ಅವಳು ಒಂದು ವಾರ ಸಹಿಸಿದಳು. ಎಂಟನೆಯ ದಿನ ಊಟಕ್ಕೆ ಕುಳಿತವನನ್ನು ಅನ್ನ ಎಷ್ಟು ಹಾಕಲೆಂದು ವಿಚಾರಿಸಿದಳು. ಹಸಿವಿನ ಭರದಲ್ಲಿ ಅವನು ‘ಎರಡು’ ಎಂದುಬಿಟ್ಟ. ಅವಳು ತಟ್ಟೆಯ ನಟ್ಟನಡುವೆ ಎರಡು ಅಗುಳು ಇಟ್ಟು ಪಾತ್ರೆ ಮುಚ್ಚಿದಳು. ಸಾಮಾನ್ಯ ಮನುಷ್ಯ ಇದರಿಂದ ಪಾಠ ಕಲಿಯುತ್ತಿದ್ದ. ಪಾಲಾಕ್ಷ ಆ ತಟ್ಟೆಯ ಫೋಟೋ ತೆಗೆದು, ಬೆತ್ತಲೆ ಸಂಖ್ಯೆಯ ಅಪಾಯಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ ಎಂದು ಜುಲ್ಫಿಕರ್‌ನಿಗೆ ಕಳಿಸಿದ.

ಇಷ್ಟರಲ್ಲಿ ಬಿ.ಜಿ. ಕೆರೆಯಿಂದ ಕರೆ ಬಂತು. ಅಲ್ಲಿ ಅವನ ಮಾವ ಸೂರಪ್ಪನವರಿದ್ದರು. ಹದಿನಾಲ್ಕು ವರ್ಷಗಳಿಂದ ಅವರು ಹಿರಿಯ ಅಳಿಯನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಮರ್ಯಾದೆಗೇನೂ ಕೊರತೆಯಿರಲಿಲ್ಲ, ಬಹುವಚನದಲ್ಲೇ ‘ಜೆರಾಕ್ಸಿನೋರೆ, ಏಳ್ರಿ, ಊಟ ಆಗ್ಲಿ’ ಎನ್ನುತ್ತಿದ್ದರು. ಊರಿನವರೂ ಹಾಗೆಯೇ ಕರೆಯುತ್ತಿದ್ದರು. ಪಾಲಾಕ್ಷನ ಮಗಳು ಒಮ್ಮೆ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಅದನ್ನೇ ಬರೆಯಹೋಗಿ ಅರ್ಧಕ್ಕೆ ನಿಲ್ಲಿಸಿದ್ದಳು. ಮಾವನ ಬಾಯಲ್ಲಿ ತನ್ನ ಹೆಸರು ಒಂದೇ ಒಂದು ಸಲ, ಅದೂ ನಾಲ್ಕು ಜನರ ಮುಂದೆ ಬರಬೇಕೆಂಬುದೇ ಪಾಲಾಕ್ಷನ ಬಾಳಿನ ಬಯಕೆ. ಫಲಕದ ಮೇಲೆ ಆ ಕೆಂಪು ಅಕ್ಷರಗಳು ಬಂದದ್ದೂ ಅದೇ ಕಾರಣಕ್ಕೆ.

ನಾದಿನಿ ಶಿಲ್ಪಾಳ ನಿಶ್ಚಿತಾರ್ಥ ನಿಗದಿಯಾಗಿತ್ತು, ಮಾತುಕತೆಗೆಂದು ಗಂಡಹೆಂಡತಿ ಮಾವನ ಮನೆಗೆ ಹೋದರು. ಆ ಮನೆಯ ಶುಭಕಾರ್ಯಗಳಲ್ಲಿ ಸಾರು ಎಂದೂ ಕಡೆಯ ಪಂಕ್ತಿಗೆ ಉಳಿದದ್ದಿಲ್ಲ. ಪಾಲಾಕ್ಷ ಎದೆಯುಬ್ಬಿಸಿ, ಈ ಸಲ ಅಡುಗೆಯ ಪಟ್ಟಿಯನ್ನು ತಾನು ಪ್ರೋಗ್ರಾಮಿನಲ್ಲಿ ಲೆಕ್ಕ ಹಾಕಿಸಿಕೊಡುವೆನೆಂದ. ಸೂರಪ್ಪ ಅವನನ್ನು ನೋಡಿ, ಆಗಲಿ, ಮುನ್ನೂರು ಎಂದು ಬರೆದುಕೊಳ್ಳಿ ಎಂದರು.

“ಮುನ್ನೂರು ಏನು ಮಾವ?”

“ಆನಿ,” ಎಂದರು ಸೂರಪ್ಪ. “ಮುನ್ನೂರು ಆನಿ ಬರ್ತಾವೆ. ಅವಕ್ಕೂ ಉಪ್ಪು ಬೇಕಾಗ್ತೈತೆ, ಬರ್ಕಳ್ರಿ ಜೆರಾಕ್ಸಿನೋರೆ.”

ಒಳಗೆ ದಾಕ್ಷಾಯಿಣಿ ಗಂಡನ ತೋಳು ಹಿಡಿದು ಒಲೆಯ ಮೂಲೆಗೆ ಎಳೆದೊಯ್ದಳು. ಅವಳು ದನಿಯೇರಿಸಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು.

“ನೋಡ್ರಿ, ನನ್ನ ಹತ್ರ ಕೇಳ್ರಿ, ಕಂಡಕ್ಟರ್ ಹತ್ರ ಕೇಳ್ರಿ. ನಮ್ಮಪ್ಪನ ಮುಂದೆ ಇನ್ನೊಂದ್ಸಲ ‘ಏನು’ ಅಂದ್ರೆ ನಾನು ಚಳ್ಳಕೆರಿಗೆ ಬರಲ್ಲ.”

ಅವನು ಮಾತು ಕೊಟ್ಟ. ಆ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಪಾಲಾಕ್ಷನಂತೂ ಇಟ್ಟುಕೊಂಡ.

ಅಡುಗೆಯ ಭಟ್ಟ ಜೋಗಪ್ಪ ಮೊಳಕಾಲ್ಮೂರಿನವನು. ಸುತ್ತಲಿನ ಇಪ್ಪತ್ತು ಊರುಗಳ ಮದುವೆಗಳಲ್ಲಿ ಅವನದೇ ಸಾರು. ಪಾಲಾಕ್ಷ ಲ್ಯಾಪ್‌ಟಾಪನ್ನೂ ಜುಲ್ಫಿಕರ್‌ನಿಂದ ಎರವಲು ತಂದ ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ಹೊತ್ತು ಅವನ ಮನೆಗೆ ಹೋಗಿ, ಒಂದೊಂದೇ ಪದಾರ್ಥದ ಅಳತೆ ಕೇಳತೊಡಗಿದ. ಬೇಳೆ ಸೇರಿನಲ್ಲಿ ಬಂತು, ನೀರು ಕೊಡದಲ್ಲಿ ಬಂತು. ಅವೆರಡಕ್ಕೂ ಪ್ರೋಗ್ರಾಮಿನಲ್ಲಿ ಸ್ಥಾನ ಸಿಕ್ಕಿತು. ಉಪ್ಪಿನ ಮಾತು ಬಂದಾಗ ಜೋಗಪ್ಪ ಬಲಗೈಯನ್ನು ಮುಂದೆ ಚಾಚಿ ಬೆರಳು ಮಡಚಿ ತೋರಿಸಿದ. ಮುನ್ನೂರು ಜನಕ್ಕೆ ಇಂಥವು ಹತ್ತು.

ರುಚಿ ನೋಡಿ ಹೆಚ್ಚುಕಡಿಮೆ ಮಾಡುವುದಿಲ್ಲವೇ ಎಂದು ಪಾಲಾಕ್ಷ ವಿಚಾರಿಸಿದ. ಜೋಗಪ್ಪ ಎರಡೂ ಕೈಗಳಿಂದ ಕಿವಿ ಮುಟ್ಟಿಕೊಂಡ. “ಮನೆದೇವ್ರಿಗೆ ಎಡೆ ಆಗೋ ಮುಂಚೆ ಬಾಯಿಗೆ ಹಾಕಂಗಿಲ್ಲ ಸ್ವಾಮಿ. ಎಡೆ ಆದ ತಕ್ಷಣ ಪಂಕ್ತಿ ಕುಂತ್ಕಂತೈತೆ. ಇನ್ನ ರುಚಿ ಯಾವಾಗ ನೋಡ್ಲಿ? ನಾಲ್ಗೆ ಕೆಲ್ಸ ಎಲ್ಲಾ ಈ ಕೈದೇ.”

ಪಾಲಾಕ್ಷನಿಗೆ ರೋಮಾಂಚನವಾಯಿತು. ‘ಹಿಡಿ’ ಎಂಬುದು ಒಂದು ಅಳತೆ. ಅದಕ್ಕೆ ಹೆಸರಿದೆ, ಶಿಸ್ತಿದೆ, ಸಂಪ್ರದಾಯವಿದೆ. ಆದರೆ ಅದರ ತೂಕವನ್ನು ಯಾರೂ ನಿಗದಿ ಮಾಡಿಲ್ಲ. ಆ ಐತಿಹಾಸಿಕ ಹೊಣೆ ತನ್ನ ಮೇಲೆ ಬಿದ್ದಿದೆ. ಒಂದು ಬೇಸಿನ್ನಿನ ತುಂಬ ಉಪ್ಪು ತರಿಸಿದ. ಜೋಗಪ್ಪ ಹಿಡಿ ತುಂಬಿ ತಕ್ಕಡಿಗೆ ಸುರಿದ. ತೂಕ ಮಾಡುತ್ತಿದ್ದಾರೆಂದು ತಿಳಿದ ಮೇಲೆ ಅವನ ಹಿಡಿ ಪ್ರತಿ ಸಲವೂ ಕೊಂಚ ದೊಡ್ಡದಾಗುತ್ತ ಹೋಯಿತು. ಬೀದಿಯ ನಾಲ್ಕು ಮಂದಿ ನೇಕಾರರು ಮಗ್ಗ ಬಿಟ್ಟು ಬಂದು ಬಾಗಿಲಲ್ಲಿ ನಿಂತ ಮೇಲಂತೂ ಅದು ಮುಷ್ಟಿಯಾಗಿ ಉಳಿಯದೆ ಮೊರವಾಯಿತು. ಪಾಲಾಕ್ಷ ಮೂವತ್ತು ಹಿಡಿಗಳನ್ನು ತೂಗಿ, ಪೌರುಷದ ಪಾಲನ್ನು ಕಳೆದು, ಸರಾಸರಿ ತೆಗೆದ. ಒಂದು ಹಿಡಿಗೆ ನೂರ ಹನ್ನೆರಡು ಗ್ರಾಂ. ಜೋಗಪ್ಪನ ಹೆಂಡತಿ ಸೂರಮ್ಮ ಚೆಲ್ಲಿದ ಉಪ್ಪನ್ನು ಗುಡಿಸುತ್ತ ಇದನ್ನೆಲ್ಲ ನೋಡಿದಳು.

ಆ ಸಂಜೆ ಫಂಕ್ಷನ್ನಿನ ಫಲಕ ಸಿದ್ಧವಾಯಿತು: ಸಾರು (ಊಟದವರು: ತಲೆ, ಬೇಳೆ: ಸೇರು, ನೀರು: ಕೊಡ, ಉಪ್ಪು: ಹಿಡಿ). ಒಂದೂ ಕೆಂಪು ಗೆರೆಯಿರಲಿಲ್ಲ. ಪಾಲಾಕ್ಷ ಪಟ್ಟಿಯನ್ನು ಮುದ್ರಿಸಿ, ಎಣ್ಣೆಯ ಕೈ ತಾಗಿದರೂ ಕೆಡದಂತೆ ಲ್ಯಾಮಿನೇಷನ್ ಮಾಡಿದ.

ನಿಶ್ಚಿತಾರ್ಥದ ಬೆಳಗ್ಗೆ ಜೋಗಪ್ಪ ಬರಲಿಲ್ಲ. ರಾಯದುರ್ಗದ ಕಡೆ ಅದೇ ದಿನ ಇನ್ನೊಂದು ದೊಡ್ಡ ಮದುವೆಯನ್ನು ಒಪ್ಪಿಕೊಂಡಿದ್ದ ಅವನು, ಹೇಗೂ ಎಲ್ಲವೂ ಕಾಗದದಲ್ಲಿದೆಯಲ್ಲ ಎಂದು ಧೈರ್ಯವಾಗಿ ಸೂರಮ್ಮನನ್ನು ಕಳಿಸಿದ್ದ. ಸೂರಮ್ಮ ಸಣ್ಣ ಆಳು. ಹಂಡೆಯ ಪಕ್ಕದಲ್ಲಿ ನಿಂತರೆ ಸೌಟು ಯಾವುದು, ಆಕೆ ಯಾವುದು ಎಂದು ದೂರದಿಂದ ಹೇಳಲಾಗುತ್ತಿರಲಿಲ್ಲ. ಪಟ್ಟಿಯನ್ನು ಓದಿಸಿ ಕೇಳಿಕೊಂಡು ಅವಳು ಉಪ್ಪಿನ ಹತ್ತಿರ ತಡೆದಳು. ಹತ್ತೇ ಸಾಕೇ ಎಂದು ಒಮ್ಮೆ ಕೇಳಿದಳು, ಅನುಮಾನದಿಂದ ಇನ್ನೊಮ್ಮೆ ಕೇಳಿದಳು.

“ಹತ್ತೇ. ಹತ್ತು ಹಿಡಿ,” ಎಂದ ಪಾಲಾಕ್ಷ, ಅಳತೆಯ ಹೆಸರನ್ನು ಒತ್ತಿ ಹೇಳಿ. ಲೋಕದಲ್ಲಿ ಕೊನೆಗೂ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರೆಂದು ಅವನಿಗೆ ಸಂತೋಷವಾಗಿತ್ತು. “ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.”

“ಸರೇ ಬಿಡ್ರಿ,” ಎಂದಳು ಸೂರಮ್ಮ. “ಕಾಗ್ದ ಹೇಳಿದ್ಮೇಲೆ ನಂದೇನೈತೆ.” ಮತ್ತು ತನ್ನ ಪುಟ್ಟ ಕೈಯಿಂದ ಎಣಿಸಿ ಹತ್ತು ಹಿಡಿ ಹಾಕಿದಳು.

ಹನ್ನೊಂದಕ್ಕೆ ಬೀಗರು ಬಂದರು. ಗಂಡಿನ ತಂದೆ ತಿಪ್ಪೇರುದ್ರಪ್ಪನವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದ ಇನ್‌ಸ್ಪೆಕ್ಟರು. ಅವರು ಸಂತೆಗೆ ಕಾಲಿಟ್ಟರೆ ತಕ್ಕಡಿಯ ಮುಳ್ಳುಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವೆಂದು ಪ್ರತೀತಿ. ಮಾವನ ಕೈಸನ್ನೆಯ ಮೇರೆಗೆ ಪಾಲಾಕ್ಷ ಅವರಿಗೆ ಅಡುಗೆಯ ಚಪ್ಪರವನ್ನು ತೋರಿಸಲು ಕರೆದೊಯ್ದ. ಎಡೆ ಒಳಗೆ ಹೋಗಿತ್ತು, ಅಂಗಳದಲ್ಲಿ ಎಲೆ ಹಾಕುತ್ತಿದ್ದರು. ಗಳಕ್ಕೆ ನೇತುಹಾಕಿದ್ದ ಪಟ್ಟಿಯನ್ನು ತಿಪ್ಪೇರುದ್ರಪ್ಪ ಕನ್ನಡಕವೇರಿಸಿ ಮೇಲಿನಿಂದ ಕೆಳಗೆ ಓದಿದರು. ತಲೆಯಾಡಿಸಿದರು. ಪ್ರತಿ ಸಂಖ್ಯೆಯ ಮುಂದೂ ಅಳತೆಯ ಹೆಸರಿದೆ, ಇದು ವಿದ್ಯಾವಂತರ ಕೆಲಸ ಎಂದು ಹೊಗಳಿದರು. ಪಾಲಾಕ್ಷನ ಕಾಲು ನೆಲದಿಂದ ಒಂದಂಗುಲ ಮೇಲಕ್ಕೆದ್ದಿತು. ಆಗ ಅವರ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು.

“ಹತ್ತು ಹಿಡಿ,” ಎಂದು ಓದಿದರು. “ಯಾರ ಹಿಡಿ?”

ಪಾಲಾಕ್ಷ ಸೂರಮ್ಮನ ಕೈಯನ್ನು ನೋಡಿದ.

ಬೀಗರನ್ನು ಹೇಗೋ ಪಂಕ್ತಿಗೆ ದಾಟಿಸಿ ಓಡಿಬಂದು, ಚೀಲದಿಂದ ತಕ್ಕಡಿ ತೆಗೆದು ಸೂರಮ್ಮನ ಒಂದು ಹಿಡಿ ಉಪ್ಪನ್ನು ತೂಗಿದ. ಐವತ್ತೆಂಟು ಗ್ರಾಂ. ಹಂಡೆಯಲ್ಲಿ ಅರ್ಧ ಕೆ.ಜಿ.ಗೂ ಮಿಗಿಲು ಉಪ್ಪಿನ ಕೊರತೆ. ಬೆರಳದ್ದಿ ನೆಕ್ಕಿ ನೋಡಿದರೆ, ಬೇಳೆಗೂ ನೀರಿಗೂ ಇನ್ನೂ ಪರಿಚಯವಾಗಿರಲಿಲ್ಲ.

ಈ ಗಳಿಗೆಯಲ್ಲಿ ಯಾವ ಮನುಷ್ಯನಾದರೂ ಮೂಲೆಯಲ್ಲಿದ್ದ ಉಪ್ಪಿನ ಪ್ಯಾಕೆಟ್ಟನ್ನು ಕತ್ತರಿಸಿ ಹಂಡೆಗೆ ಸುರಿಯುತ್ತಿದ್ದ. ಪಾಲಾಕ್ಷ ಲ್ಯಾಪ್‌ಟಾಪ್ ತೆರೆದ. ತಪ್ಪು ನಡೆದದ್ದು ಫಂಕ್ಷನ್ನಿನ ಫಲಕದಲ್ಲಿ. ಬೇರಿನಲ್ಲಿ ಸರಿಪಡಿಸದೆ ಮೇಲೆ ಉಪ್ಪು ಉದುರಿಸುವುದು ಅವನ ಧರ್ಮಕ್ಕೆ ಒಗ್ಗಲಿಲ್ಲ. ಸೌದೆಯ ರಾಶಿಯ ಮೇಲೆ ಕುಳಿತು, ‘ಹಿಡಿ’ ಎಂಬ ಅಳತೆಯನ್ನು ಅಳಿಸಿ ‘ಜೋಗಪ್ಪನ ಹಿಡಿ’, ‘ಸೂರಮ್ಮನ ಹಿಡಿ’ ಎಂದು ಎರಡು ಮಾಡಿದ. ಕೂಡಲೇ ಹಿಡಿಯನ್ನು ನಂಬಿಕೊಂಡಿದ್ದ ಪ್ರತಿಯೊಂದು ಸಾಲೂ ಯಾರ ಹಿಡಿ ಎಂದು ಕೇಳುತ್ತ ದಂಗೆಯೆದ್ದಿತು. ನಲವತ್ತಮೂರು ಕೆಂಪು ಗೆರೆಗಳು. ಅವನು ಒಂದೊಂದನ್ನೇ ಸಮಾಧಾನಪಡಿಸುತ್ತ ಹೋದ. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಂಡವರು ಹೆಣ್ಣೊಪ್ಪಿಸುವ ದುಃಖವೆಂದುಕೊಂಡರು. ಹನ್ನೊಂದು ಗೆರೆಗಳು ಉಳಿದಿದ್ದಾಗ ಸೂರಮ್ಮ, ಹಂಡೆ ಆಗಲೇ ಅಂಗಳಕ್ಕೆ ಹೋಯಿತು, ಈಗ ಯಾವುದಕ್ಕೆ ಉಪ್ಪು ಹಾಕುತ್ತೀರಿ ಎಂದು ವಿಚಾರಿಸಿದಳು.

ಅಂಗಳದ ಎಲೆಗಳಿಗೆ ಸಾರು ಬಿದ್ದಿತ್ತು. ಮೊದಲ ತುತ್ತಿಗೇ ಪಂಕ್ತಿಯ ಕೈಗಳು ಎಲೆಯ ಮೇಲೆ ನಿಂತವು. ಇದು ಸಾರೋ, ಗಂಗೆಪೂಜೆಯ ತೀರ್ಥವೋ ಎಂದು ಹೆಣ್ಣಿನ ಕಡೆಯವರೇ ಒಬ್ಬರು ಗೊಣಗಿದರು. ಸೂರಪ್ಪನವರ ಮುಖ ಕುಂಬಳಕಾಯಿಯಿಂದ ಬದನೆಕಾಯಿಗೆ ತಿರುಗಿತು. ದಾಕ್ಷಾಯಿಣಿ ಎದೆಗುಂದಲಿಲ್ಲ. ಎಲೆಯ ತುದಿಗೆ ಉಪ್ಪು ಬಡಿಸುವುದು ಊಟದ ಮೊದಲ ಶಾಸ್ತ್ರ. ಅದು ಆಗಲೇ ಮುಗಿದಿತ್ತು. ಅವಳು ಉಪ್ಪಿನ ಬಟ್ಟಲನ್ನು ಹಿಡಿದು ಅದೇ ಶಾಸ್ತ್ರವನ್ನು ಎರಡನೆಯ ಸಲ, ಇದೇ ನಮ್ಮ ಮನೆಯ ಪದ್ಧತಿ ಎಂಬ ಗಾಂಭೀರ್ಯದಿಂದ ಮಾಡುತ್ತ ಬಂದಳು. ಮುನ್ನೂರು ಜನ ತಮ್ಮ ತಮ್ಮ ಚಿಟಿಕೆಯಿಂದ ಕಲಸಿಕೊಂಡರು. ಯಾರ ಚಿಟಿಕೆಯ ತೂಕ ಎಷ್ಟೆಂದು ಯಾರೂ ಕೇಳಲಿಲ್ಲ.

ತಿಪ್ಪೇರುದ್ರಪ್ಪನವರು ಮಾತ್ರ ಕೈ ಅಡ್ಡ ಮಾಡಿ ಉಪ್ಪನ್ನು ಬೇಡವೆಂದರು. ಸಾರನ್ನು ಎರಡನೆಯ ಸಲ ಹಾಕಿಸಿಕೊಂಡರು. ಮೂರನೆಯ ಸಲ ಸೌಟಿನವನನ್ನು ತಾವೇ ಕೂಗಿ ಕರೆದರು. ಎರಡು ವರ್ಷಗಳ ಹಿಂದೆ ರಕ್ತದೊತ್ತಡವೆಂದು ಡಾಕ್ಟರು ಅವರ ಉಪ್ಪು ಬಿಡಿಸಿದ್ದರು. ಅಂದಿನಿಂದ ಯಾವ ಮದುವೆಮನೆಯಲ್ಲೂ ಅವರು ಸಾರು ಮುಟ್ಟಿರಲಿಲ್ಲ. ಮೊಸರನ್ನವನ್ನು ಕಲಸಿಕೊಂಡು ಪಕ್ಕದವರ ಎಲೆ ನೋಡುತ್ತ ಕುಳಿತಿರುತ್ತಿದ್ದರು. ಸೂರಪ್ಪ ಕ್ಷಮೆ ಕೇಳಲೆಂದು ಬಗ್ಗಿದಾಗ ಅವರ ಕಣ್ಣು ತೇವವಾಗಿತ್ತು.

“ಬೀಗ್ರೇ, ಮೂವತ್ನಾಲ್ಕು ವರ್ಷ ತಕ್ಕಡಿಗೆ ಮುದ್ರೆ ಒತ್ತೀನಿ. ಇಂಥ ಅಳತಿ ಕಂಡಿರ್ಲಿಲ್ಲ. ಸಾರಿಗೆ ಮಿತವಾಗಿ ಹಾಕಿ, ಬೇಕಾದೋರಿಗೆ ಎಲಿ ಮೇಲೆ ಕೊಟ್ಟೀರಿ. ಯಾರದು ಈ ಲೆಕ್ಕ?”

ಸೂರಪ್ಪ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಮಸಿ ಮೆತ್ತಿದ ಮುಖದಲ್ಲಿ ಚಪ್ಪರದ ಕಂಬಕ್ಕೆ ಒರಗಿ ನಿಂತ ಆಕೃತಿಯನ್ನು ನೋಡಿದರು. ಹದಿನಾಲ್ಕು ವರ್ಷಗಳ ಅಭ್ಯಾಸದಂತೆ ‘ಜೆರಾ’ ಎಂದು ಮೊದಲಾದ ಮಾತನ್ನು ಅಲ್ಲಿಗೇ ನುಂಗಿದರು.

“ನಮ್ಮ ದೊಡ್ಡ ಅಳಿಯಂದ್ರದು,” ಎಂದರು. “ಪಾಲಾಕ್ಷಪ್ಪನೋರದು.”

ಮುನ್ನೂರು ತಲೆಗಳು ತಿರುಗಿದವು. ಪಾಲಾಕ್ಷ ಆ ಹೊಗಳಿಕೆಗೆ ತಾನು ಅರ್ಹನಲ್ಲವೆಂದು ಹೇಳಲು ಹೊರಟ. ಹದಿನಾಲ್ಕು ವರ್ಷ ಕಾದ ಹೆಸರನ್ನು ಒಂದು ನಿಮಿಷ ಮುಖದ ಮೇಲೆ ಇಟ್ಟುಕೊಂಡರೆ ಯಾರಿಗೇನು ನಷ್ಟ ಎಂದು ಸುಮ್ಮನಾದ.

ಬೀಗರನ್ನು ಬೀಳ್ಕೊಟ್ಟ ಮೇಲೆ ಸೂರಪ್ಪ ಅವನನ್ನು ಪಡಸಾಲೆಗೆ ಕರೆದು, ಇದುವರೆಗೆ ಮನೆಯ ಹಿರಿಯರಿಗೆ ಮಾತ್ರ ಮೀಸಲಾಗಿದ್ದ ಕುರ್ಚಿಯಲ್ಲಿ ಕೂರಿಸಿದರು. ನೆಂಟರು ಸುತ್ತ ನಿಂತಿದ್ದರು.

“ಮದ್ವಿಗೂ ನೀವೇ ಪಟ್ಟಿ ಹಾಕ್ರಿ, ಪಾಲಾಕ್ಷಪ್ಪನೋರೆ. ಇವತ್ತಿಂದಂಗೇ ಆಗ್ಲಿ, ಬೀಗರಿಗೆ ಒಪ್ಪಿಗೆ ಆಗೈತೆ. ಐನೂರು.”

ಎಲ್ಲರಿಗೂ ಮುಂದಿನ ಮಾತು ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ದಾಕ್ಷಾಯಿಣಿ ಕಾಣಿಸಿಕೊಂಡಳು. ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಪಾಲಾಕ್ಷನ ತಲೆಯೊಳಗೆ ಒಂದು ಕೆಂಪು ಗೆರೆ ಈ ಕಿವಿಯಿಂದ ಆ ಕಿವಿಗೆ ಎಳೆದುಕೊಂಡಿತು. ಅವನು ಬ್ಯಾನರಿನ ಅವಮಾನದ ನಂತರ ಮೊದಲ ಬಾರಿಗೆ ಒಂದು ಬೆತ್ತಲೆ ಸಂಖ್ಯೆಯನ್ನು ಹಾಗೆಯೇ ಒಳಗೆ ಬಿಟ್ಟುಕೊಂಡ.

“ಆಗ್ಲಿ ಮಾವ,” ಎಂದ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವನು ತನ್ನ ಹೆಸರನ್ನು ಮಾವನ ದನಿಯಲ್ಲಿ ಮನಸ್ಸಿನೊಳಗೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ಹೆಂಡತಿ ಹೆಮ್ಮೆಯಿಂದ ಅವನ ಭುಜಕ್ಕೆ ಒರಗಿದ್ದಳು. ಬಸ್ಸು ಊರು ದಾಟಿದ ಮೇಲೆ ಅವಳು ಮೆಲ್ಲಗೆ ಕೇಳಿದಳು:

“ಅಲ್ರಿ, ಅಪ್ಪ ಐನೂರು ಅಂದಿದ್ದು ಜನಾನೋ, ಮನೇನೋ?”

“ಅಂದ್ರೆ?”

“ಲಗ್ನಪತ್ರಿಕೆ ಐನೂರು ಅಚ್ಚು ಹಾಕಿಸ್ಬೇಕು ಅಂತಾನೂ ಅನ್ನಾಕತ್ತಿದ್ದ. ಪತ್ರಿಕೆ ಆದ್ರೆ ಐನೂರು ಮನಿ. ಮನಿಗೆ ನಾಕ್ ಜನ ಬಂದ್ರೂ ಎರಡು ಸಾವಿರ ಆಗ್ತೈತೆ. ನೀವು ಕೇಳ್ಲಿಲ್ವಾ?”

ಪಾಲಾಕ್ಷ ಹೆಂಡತಿಯ ಮುಖವನ್ನು ನೋಡಿದ. ಅವಳು ಆ ನೋಟವನ್ನು ಅರ್ಥಮಾಡಿಕೊಂಡು ಮುಖವನ್ನು ಆಚೆ ತಿರುಗಿಸಿದಳು.

ಬಸ್ಸು ತಳಕಿನಲ್ಲಿ ನಿಂತಿತು. ಎರಡು ಕಂಬಗಳ ನಡುವೆ, ನಲವತ್ತು ಅಡಿ ಹಗ್ಗದ ನಟ್ಟನಡುವೆ, ಒಣಗಿದ ಹಾರದ ಹಿಂದೆ ಆ ಬ್ಯಾನರು ಇನ್ನೂ ಗಾಳಿಗೆ ಅಲುಗುತ್ತಿತ್ತು. ಅದನ್ನು ಕಂಡದ್ದೇ ಪಾಲಾಕ್ಷನಿಗೆ ಧೈರ್ಯ ಬಂತು. ಮರ್ಯಾದೆ ಹೋದರೆ ಹೋಗಲಿ, ಇವತ್ತೇ ಕೇಳಿಬಿಡಬೇಕೆಂದು ಮೊಬೈಲ್ ತೆಗೆದು ಮಾವನಿಗೆ ಕರೆ ಮಾಡಿದ. ಎರಡನೆಯ ರಿಂಗಿಗೇ ಅವರು ಎತ್ತಿಕೊಂಡರು. ಅವರ ಸುತ್ತ ಈಗ ಬೀಗರಿರಲಿಲ್ಲ, ನೆಂಟರಿರಲಿಲ್ಲ, ತೋರಿಕೆಗೆ ಕಾರಣವೇ ಇರಲಿಲ್ಲ.

“ಯಾರು, ಪಾಲಾಕ್ಷಪ್ಪನೋರಾ? ಹೇಳ್ರಿ ಪಾಲಾಕ್ಷಪ್ಪನೋರೆ, ಏನು?”

‘ಏನು?’ ಎಂದು ಕೇಳಲೆಂದೇ ಕರೆ ಮಾಡಿದವನಿಗೆ ಈಗ ಆ ಹೆಸರನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ದಾಕ್ಷಾಯಿಣಿ ಪಕ್ಕೆಗೆ ತಿವಿಯುತ್ತಿದ್ದಳು. ಕಂಡಕ್ಟರು ಸೀಟಿ ಊದಿದ.

“ಏನಿಲ್ಲ ಮಾವ,” ಎಂದ ಪಾಲಾಕ್ಷ. “ಊರು ತಲುಪಿದ್ವಿ ಅಂತ ಹೇಳಾನ ಅಂತ.”

ಚಳ್ಳಕೆರೆ ಇನ್ನೂ ಇಪ್ಪತ್ತು ದೂರವಿತ್ತು.